ತಿಂಡಿ ಕವರಿಗೆ ಹಾರ್ಮೋನ್ ಪರೀಕ್ಷೆ ಕಡ್ಡಾಯ ಆಗಬೇಕೇ?

ಪರ: ತೂಕ ನೋಡಿದರೆ ಸಾಲದು

2025ರಲ್ಲಿ ನಮ್ಮ ಆರೋಗ್ಯ ಇಲಾಖೆ ರಾಜ್ಯದ 251 ಕಡೆ ಇಡ್ಲಿ ಪರಿಶೀಲಿಸಿತು. 52 ಕಡೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಹಾಳೆ ಬೇಡ ಅಂದರು, ಸರಿ. ಕುದಿಯುವ ಸಾಂಬಾರನ್ನು ಕವರಿಗೆ ಸುರಿದು ರಬ್ಬರ್ ಬ್ಯಾಂಡ್ ಸುತ್ತಿ ಕೊಡುತ್ತಾರಲ್ಲ, ಅದನ್ನು ಕೇಳುವವರು ಯಾರು?

ಬಿಸಿ, ಎಣ್ಣೆ ಸೇರಿದರೆ ಪ್ಲಾಸ್ಟಿಕ್ ರಾಸಾಯನಿಕಗಳನ್ನು ಜಾಸ್ತಿ ಬಿಡುತ್ತದೆ. ನಮ್ಮಲ್ಲಿ ಮುಖ್ಯ ಪರೀಕ್ಷೆ ಅಂದರೆ ತೂಕ. ಕವರಿನಿಂದ ಒಂದು ಕಿಲೋ ಆಹಾರಕ್ಕೆ ಇಳಿದದ್ದು ಒಟ್ಟು 60 ಮಿಲಿಗ್ರಾಂ ಮೀರದಿದ್ದರೆ ಪಾಸ್. ಕೆಲವು ಲೋಹಗಳಿಗೆ, ಪ್ಲಾಸ್ಟಿಕ್ ಮೆತ್ತಗಾಗಲು ಬೆರೆಸುವ ಡಿಇಎಚ್‌ಪಿ ಎಂಬ ಥಾಲೇಟ್‌ಗೆ ಬೇರೆ ಮಿತಿ ಇದೆ, ಅಷ್ಟೇ. ಆದರೆ ಈ ರಾಸಾಯನಿಕಗಳಲ್ಲಿ ಕೆಲವು ಮೈಯೊಳಗೆ ಹಾರ್ಮೋನಿನಂತೆ ವರ್ತಿಸುತ್ತವೆ, ಹಾರ್ಮೋನ್ ಅತಿ ಸ್ವಲ್ಪ ಇದ್ದರೂ ಕೆಲಸ ಮಾಡುತ್ತದೆ. ಅದಕ್ಕೆ ಮಿಲಿಗ್ರಾಂ ಲೆಕ್ಕ ಸಾಲುತ್ತದೆಯೇ? ಗಟ್ಟಿ ಪ್ಲಾಸ್ಟಿಕ್ ಮಾಡಲು ಬಳಸುವ ಬಿಸ್ಫೆನಾಲ್ ಎ ದಿನಕ್ಕೆ ಎಷ್ಟು ಮೈಸೇರಬಹುದು ಎಂಬ ಮಿತಿಯನ್ನು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ 20,000 ಪಟ್ಟು ಇಳಿಸಿತು. ಇಪ್ಪತ್ತು ಸಾವಿರ!

ಮಗುವಿನ ಹಾಲಿನ ಬಾಟಲಿಯಲ್ಲಿ ಅದಕ್ಕೆ ನಮ್ಮಲ್ಲೂ ನಿಷೇಧವಿದೆ. ಆದರೆ ಎ ಹೋದ ಜಾಗಕ್ಕೆ ಅದರ ತಮ್ಮ ಬಿಸ್ಫೆನಾಲ್ ಎಸ್ ಬಂದು ಕೂರುತ್ತಾನೆ. ಅವನೂ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ವೇಷ ಹಾಕುವವನೇ. ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ಈಸ್ಟ್ರೋಜನ್‌ಗೆ ಸ್ಪಂದಿಸುವ ಜೀವಕೋಶಗಳ ಮೇಲೆ ಕವರನ್ನು ನೆನೆಸಿಟ್ಟ ದ್ರವ ಹಾಕಿ ನೋಡಿ. ಯಾವ ಹೆಸರಿನಲ್ಲಿ ಬಂದರೂ ಸುಳಿವು ಸಿಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆಹಾರ ಪ್ಯಾಕಿಂಗ್‌ಗೆಂದೇ ವಿಭಾಗ ಇದೆ. ಅಲ್ಲಿಂದಲೇ ಶುರುವಾಗಲಿ. ಕಡ್ಡಾಯ ಮಾಡದೆ ಯಾವ ಕಂಪನಿಯೂ ತಾನಾಗಿ ಮಾಡುವುದಿಲ್ಲ.

ವಿರೋಧ: ಬಿಲ್ ಯಾರಿಗೆ?

ವಿರೋಧದ ಕಡೆ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಸಾಂಬಾರ್ ಕವರ್ ನನಗೂ ಇಷ್ಟವಿಲ್ಲ.

ಆದರೂ ಆ 20,000 ಪಟ್ಟಿನ ಮಾತು. ಅದು ನಿಂತಿರುವುದು ಇಲಿಗಳ ರೋಗನಿರೋಧಕ ಕೋಶಗಳ ಲೆಕ್ಕದ ಮೇಲೆ, ಹಾರ್ಮೋನಿನ ಮೇಲಲ್ಲ. ಜರ್ಮನಿಯ ಸರ್ಕಾರಿ ಅಪಾಯ ಮೌಲ್ಯಮಾಪನ ಸಂಸ್ಥೆ ಅದನ್ನು ಒಪ್ಪದೆ ಸಾವಿರ ಪಟ್ಟು ಸಡಿಲವಾದ ಮಿತಿ ಹೇಳಿತು. ತಜ್ಞರಲ್ಲೇ ಜಗಳ ಇರುವಾಗ ಪಾಸು ಫೇಲು ಹೇಳುವುದು ಹೇಗೆ? ಜೀವಕೋಶದ ಪರೀಕ್ಷೆಯಂತೆ! ಸೋಯಾದಲ್ಲಿರುವ ಅಂಶಕ್ಕೂ ಆ ಕೋಶಗಳು ಕುಣಿಯುತ್ತವೆ. ಹೀಗೇ ಹೋದರೆ ನಾಳೆ ಮುತ್ತುಗದ ಎಲೆಗೂ ಸರ್ಟಿಫಿಕೇಟ್ ಕೇಳುತ್ತಾರೆ.

ನಮ್ಮ ಅತ್ತಿಗೆ ತುಮಕೂರಿನಲ್ಲಿ ಚಟ್ನಿಪುಡಿ ಮಾಡಿ ಮಾರುತ್ತಾರೆ. ಹುರಿಯುವುದು ಅವರು, ಕುಟ್ಟುವುದು ಮಿಕ್ಸಿ, ಕವರಿಗೆ ತುಂಬಿ ಸೀಲ್ ಹಾಕುವುದು ನಮ್ಮಣ್ಣ. ಒಂದು ಅಂಗಡಿಯವರು ಕವರಿನ ಲ್ಯಾಬ್ ರಿಪೋರ್ಟ್ ತನ್ನಿ ಅಂದರು. ಅತ್ತಿಗೆ ಕವರ್ ಮಾರುವವನನ್ನು ಕೇಳಿದರು. "ಫುಡ್ ಗ್ರೇಡ್ ಅಕ್ಕ, ಸುಮ್ನೆ ತಗೊಳ್ಳಿ" ಅಂದ. ಲ್ಯಾಬಿನವರು ಹೇಳಿದ ಫೀಸು ಅವರ ಆ ತಿಂಗಳ ಲಾಭಕ್ಕಿಂತ ಜಾಸ್ತಿ. ಆ ಅಂಗಡಿಯ ಆರ್ಡರ್ ಹೋಯಿತು. ಈಗ ಅಲ್ಲಿ ದೊಡ್ಡ ಕಂಪನಿಯ ಪುಡಿ ಇದೆ, ಅದೂ ಪ್ಲಾಸ್ಟಿಕ್ ಕವರಿನಲ್ಲೇ! ಅತ್ತಿಗೆಯ ಹುರಿಗಡಲೆ ಪುಡಿಯ ಮುಂದೆ ಅದು ಏನೂ ಅಲ್ಲ ಬಿಡಿ.

ಪರೀಕ್ಷೆ ಬೇಕೇ ಬೇಕು ಅನ್ನುವುದಾದರೆ ಕಚ್ಚಾ ಪ್ಲಾಸ್ಟಿಕ್ ಮಾಡುವ ಕಾರ್ಖಾನೆಯಲ್ಲೇ ಮಾಡಿ, ಅವರಿಂದಲೇ ವಸೂಲಿ ಮಾಡಿ. ಅತ್ತಿಗೆಯನ್ನು ಕೇಳಬೇಡಿ.