ಮುಳ್ಳಿಲ್ಲದ ಕಳ್ಳಿಯೆಲ್ಲ ಹಣ್ಣಿನ ತಳಿಯಲ್ಲ

"ಮುಳ್ಳಿಲ್ಲದ ಪಾಪಾಸುಕಳ್ಳಿ ಯಾವುದಾದರೂ ನೆಡಿ, ನೀರಿಲ್ಲದೆ ರಾಶಿ ಹಣ್ಣು, ಕೆಂಪು ಹಣ್ಣೇ ಸಿಹಿ" ಅಂತ ಅರಸೀಕೆರೆ, ಕಡೂರು ಕಡೆ ವಾಟ್ಸಾಪ್‌ನಲ್ಲಿ ಸಂದೇಶ ಓಡಾಡುತ್ತಿದೆ. ಇದು ಅರ್ಧ ಸತ್ಯ.

ಮುಳ್ಳಿಲ್ಲದ ಎಷ್ಟೋ ತಳಿಗಳನ್ನು ಆರಿಸಿರುವುದು ದನದ ಮೇವಿಗೆ. ಗಿಡ ನೀರಿಲ್ಲದೆ ಬದುಕುತ್ತೆ, ನಿಜ. ಆದರೆ ಕಾಯಿ ದಪ್ಪಗಾಗುವಾಗ ನೀರು ಸಿಗದಿದ್ದರೆ ಹಣ್ಣು ಸಣ್ಣದಾಗುತ್ತೆ.

ಬಣ್ಣ ನೋಡಿ ಸಿಹಿ ಹೇಳೋಕಾಗಲ್ಲ. ಹಣ್ಣಿನ ಆ ಕೆಂಪು ಬರೋದು ಬೀಟಾಲೈನ್ ಅನ್ನೋ ಬಣ್ಣದ ವಸ್ತುವಿನಿಂದ, ಬೀಟ್‌ರೂಟ್‌ನಲ್ಲಿರುವುದೂ ಅದೇ ಜಾತಿಯದು, ಅಷ್ಟೇ. ಇಟಲಿಯ ಸಿಸಿಲಿಯಲ್ಲಿ ಹಳದಿ, ಕೆಂಪು, ಬಿಳಿ ಮೂರೂ ತಳಿ ಇವೆ. ಜಾಸ್ತಿ ಬೆಳೆಯುವುದು ಹಳದಿಯನ್ನೇ. ಅಲ್ಲಿ ಜೂನ್ ಹೊತ್ತಿಗೆ ಮೊದಲ ಹೂವನ್ನೆಲ್ಲ ಕಿತ್ತುಹಾಕುತ್ತಾರೆ. ಮತ್ತೆ ಬಿಟ್ಟ ಹೂವಿನ ಹಣ್ಣು ದೊಡ್ಡದು, ತಿರುಳೂ ಜಾಸ್ತಿ. ತಳಿ ಹೋಲಿಸುವವರು ಬಣ್ಣ ಬಿಟ್ಟು, ಹಣ್ಣು ಹೆಚ್ಚಿ ತಿರುಳು, ಬೀಜ, ಸಿಪ್ಪೆಯ ದಪ್ಪ ನೋಡಬೇಕು.

ಅಂದಹಾಗೆ, ಮುಳ್ಳಿಲ್ಲದ ಗಿಡದ ಹಣ್ಣಿನ ಮೇಲೂ ಕೂದಲಿನಂಥ, ಚುಚ್ಚುವ ಸುಂಕು ಇರುತ್ತೆ. ಬರಿಗೈಲಿ ಕೀಳಬೇಡಿ.