ಲೆಕ್ಕಕ್ಕುಂಟು, ಊಟಕ್ಕಿಲ್ಲ

ಮನೆಯನ್ನು ಹೊಳೆ ಕೊಚ್ಚಿಕೊಂಡು ಹೋದ ಮೇಲೆ, ಅಥವಾ ಪಕ್ಕದ ಕಣಿವೆಯ ಬಂದೂಕುಧಾರಿಗಳು ಊರಿಗೆ ಬೆಂಕಿ ಹಚ್ಚಿದ ಮೇಲೆ, ಉಟ್ಟ ಬಟ್ಟೆಯಲ್ಲಿ ಓಡಿಬಂದ ಮನುಷ್ಯನಿಗೆ ಜಗತ್ತು ಏನನ್ನೂ ಕೊಡುವುದಿಲ್ಲ ಎಂದು ದೂರುವುದು ಅನ್ಯಾಯ. ಅಕ್ಕಿ ಬರುವುದು ತಡವಾಗಬಹುದು, ತಾಡಪಾಲು ಇನ್ನೂ ತಡವಾಗಬಹುದು, ಮನೆಯಂತೂ ಬಾರದೆಯೇ ಇರಬಹುದು. ಆದರೆ ಎಣಿಸುವವರು ಮಾತ್ರ ಬಂದೇ ಬರುತ್ತಾರೆ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಬಂದವರು ಮೊಟ್ಟಮೊದಲು ಕೇಳುವುದು, ‘ನಿಮ್ಮ ಮನೆಯಲ್ಲಿ ಎಷ್ಟು ಜನ?’ ಎಂದು. ಮನೆಯೇ ಇಲ್ಲದವನಿಗೆ ಈ ಪ್ರಶ್ನೆ ಹಾಕುವ ಧೈರ್ಯ ಸಂಖ್ಯಾಶಾಸ್ತ್ರಕ್ಕೆ ಮಾತ್ರ ಇರಲು ಸಾಧ್ಯ.

ಈ ಶಾಸ್ತ್ರ ಇಂದು ನಿನ್ನೆಯದಲ್ಲ. ಸ್ವಂತ ದೇಶದೊಳಗೇ ನೆಲೆ ತಪ್ಪಿದವರನ್ನು ಹೇಗೆ ನಡೆಸಿಕೊಳ್ಳಬೇಕೆಂದು ವಿಶ್ವಸಂಸ್ಥೆ 1998ರಲ್ಲಿ ಮೂವತ್ತು ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿತು. ಅವುಗಳನ್ನು ಪಾಲಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲದಿರುವುದರಿಂದ ಸರ್ಕಾರಗಳು ಅವುಗಳನ್ನು ಮನಸಾರೆ ಗೌರವಿಸುತ್ತವೆ. ನಾರ್ವೆಯ ನಿರಾಶ್ರಿತರ ಮಂಡಳಿಯು ಅದೇ ವರ್ಷ ಆಂತರಿಕ ಸ್ಥಳಾಂತರದ ಮೇಲೆ ನಿಗಾ ಇಡುವ ಕೇಂದ್ರವೊಂದನ್ನು ಸ್ಥಾಪಿಸಿತು. ಅದು ಇಂದು ಜಿನೀವಾದಲ್ಲಿ ಕುಳಿತು ಜಗತ್ತಿನ ಲೆಕ್ಕ ಒಪ್ಪಿಸುತ್ತದೆ. ಅಂತಾರಾಷ್ಟ್ರೀಯ ವಲಸೆ ಸಂಸ್ಥೆಯು 2004ರಲ್ಲಿ ಇರಾಕಿನಿಂದ ತನ್ನ ‘ಡಿಸ್‌ಪ್ಲೇಸ್‌ಮೆಂಟ್ ಟ್ರ್ಯಾಕಿಂಗ್ ಮ್ಯಾಟ್ರಿಕ್ಸ್’ ಎಂಬ ಜಾಡು ಹಿಡಿಯುವ ವ್ಯವಸ್ಥೆಯನ್ನು ಆರಂಭಿಸಿತು. ಇಷ್ಟೆಲ್ಲ ಆದ ಫಲವಾಗಿ, 2024ರ ಕೊನೆಗೆ 8.34 ಕೋಟಿ ಜನ ತಮ್ಮ ದೇಶದೊಳಗೇ ಪರದೇಶಿಗಳಾಗಿದ್ದರು ಎಂಬುದು ದಶಮಾಂಶ ಸಮೇತ ನಮಗೆ ಗೊತ್ತಾಗಿದೆ. ಗಡಿ ದಾಟಿದವನಿಗೆ 1951ರ ನಿರಾಶ್ರಿತರ ಒಪ್ಪಂದದ ನೆರಳಾದರೂ ಇದೆ. ಗಡಿಯ ಈಚೆಗೆ ಹತ್ತು ಹೆಜ್ಜೆ ದೂರದಲ್ಲಿ ಸುಸ್ತಾಗಿ ಕುಳಿತವನನ್ನು ಕಾಯುವ ಹೊಣೆ ಅವನ ಸ್ವಂತ ಸರ್ಕಾರದ್ದು, ಅಂದರೆ ಎಷ್ಟೋ ಸಲ ಅವನನ್ನು ಓಡಿಸಿದ ಸರ್ಕಾರದ್ದೇ.

ಎಣಿಕೆಯ ವಿಧಾನಗಳನ್ನು ಹತ್ತಿರದಿಂದ ನೋಡಿದವರಿಗೆ ಭಕ್ತಿ ಹುಟ್ಟದೆ ಇರದು. ಭೂಕಂಪವೋ ಚಂಡಮಾರುತವೋ ಆದಾಗ ಜನ ಎಲ್ಲಿಗೆ ಹೋದರೆಂದು ತಿಳಿಯದಿದ್ದರೆ, ಬಿದ್ದ ಮನೆಗಳ ಸಂಖ್ಯೆಯನ್ನು ಆ ದೇಶದ ಕುಟುಂಬವೊಂದರ ಸರಾಸರಿ ಗಾತ್ರದಿಂದ ಗುಣಿಸಿ ನೆಲೆ ತಪ್ಪಿದವರ ಸಂಖ್ಯೆಯನ್ನು ಅಂದಾಜು ಮಾಡುವುದು ಒಪ್ಪಿತ ಪದ್ಧತಿ. ಸರಾಸರಿ 4.6 ಎಂದಿಟ್ಟುಕೊಳ್ಳಿ, ಮೂರು ಮನೆ ಬಿದ್ದ ಕೇರಿಯಿಂದ 13.8 ಜನ ಹೊರಬಿದ್ದಂತಾಯಿತು. ಹದಿಮೂರು ಜನ ಶಾಲೆಯ ಜಗಲಿಯಲ್ಲಿ ಮಲಗಿದರೆ ಉಳಿದ 0.8 ಮನುಷ್ಯ ಎಲ್ಲಿ ಮಲಗಿದ, ಅವನಿಗೆ ಹೊದಿಕೆ ಎಷ್ಟು ಅಗಲದ್ದು ಬೇಕು ಎಂದು ಕೇಳುವುದು ಕುಚೋದ್ಯವಾದೀತು. ಬಾಡಿಗೆಗೆ ಕೊಟ್ಟ ಕೋಣೆಗಳಲ್ಲಿ ಮೂರು ಸಂಸಾರಗಳು ಒಟ್ಟಿಗಿದ್ದ ಮನೆ ಬಿದ್ದರೂ ಲೆಕ್ಕಕ್ಕೆ ಅದು 4.6, ವರ್ಷಗಳಿಂದ ಬೀಗ ಹಾಕಿದ್ದ ಮನೆ ಬಿದ್ದರೂ 4.6. ಎರಡನೆಯದರಿಂದ ಹೊರಬಂದವರು ಅಕ್ಕಿ ಕೇಳಲು ಬರುವುದಿಲ್ಲವಾದ್ದರಿಂದ, ವ್ಯವಸ್ಥೆಯ ದೃಷ್ಟಿಯಲ್ಲಿ ಅವರೇ ಮಾದರಿ ಸಂತ್ರಸ್ತರು.

ಇನ್ನೊಂದು ವಿಶೇಷವೆಂದರೆ, ಚಂಡಮಾರುತಕ್ಕೆ ಮೊದಲೇ ಎಚ್ಚರಿಸಿ ಜನರನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವುದೂ ಲೆಕ್ಕದಲ್ಲಿ ಸ್ಥಳಾಂತರವೇ. 2024ರಲ್ಲಿ ಹೆಲೆನ್, ಮಿಲ್ಟನ್ ಮುಂತಾದ ಚಂಡಮಾರುತಗಳಿಂದಾಗಿ ಅಮೆರಿಕವೊಂದರಲ್ಲೇ ಸುಮಾರು 1.1 ಕೋಟಿ ಸ್ಥಳಾಂತರಗಳು ದಾಖಲಾದವು. ಕಾರಿನಲ್ಲಿ ನಾಯಿಮರಿಯನ್ನೂ ಕೂರಿಸಿಕೊಂಡು ಹೋಟೆಲಿನಲ್ಲಿ ಎರಡು ರಾತ್ರಿ ಕಳೆದು ಮರಳಿದವನೂ ಅಲ್ಲಿ ಒಂದು; ಮಳೆ ಸೋರುವ ಪ್ಲಾಸ್ಟಿಕ್ ಹಾಳೆಯ ಕೆಳಗೆ ಐದನೆಯ ವರ್ಷ ಕಳೆಯಲು ಹೊರಟವನ ಮೊದಲ ಓಟವೂ ಅದೇ ಕೋಷ್ಟಕದಲ್ಲಿ ಒಂದು. ಸಮಾನತೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮುನ್ನೆಚ್ಚರಿಕೆ ವಹಿಸಿ ಲಕ್ಷಾಂತರ ಜನರ ಜೀವ ಉಳಿಸಿದ ಆಡಳಿತ ಪಟ್ಟಿಯ ಮೇಲ್ಭಾಗಕ್ಕೆ ಏರಿ ತಲೆ ತಗ್ಗಿಸಬೇಕಾಗುತ್ತದೆ. ಯಾರನ್ನೂ ಕದಲಿಸದೆ ಸುಮ್ಮನಿದ್ದ ಆಡಳಿತದ ಅಂಕಿ ಅಷ್ಟೇನೂ ಏರುವುದಿಲ್ಲ, ಏಕೆಂದರೆ ಸತ್ತವರು ಸ್ಥಳಾಂತರಗೊಂಡವರಲ್ಲ. ಅವರದು ಬೇರೆ ಇಲಾಖೆ, ಬೇರೆ ನಮೂನೆ.

ಇಲ್ಲೊಂದು ಸೂಕ್ಷ್ಮವಿದೆ. ವರ್ಷದುದ್ದಕ್ಕೂ ಎಣಿಸುವುದು ಓಟಗಳನ್ನು, ವರ್ಷದ ಕೊನೆಯ ದಿನ ಎಣಿಸುವುದು ಜನರನ್ನು. ಒಬ್ಬಳೇ ಹೆಂಗಸು ಒಂದೇ ವರ್ಷದಲ್ಲಿ ಮೂರು ಸಲ ಗಂಟುಮೂಟೆ ಕಟ್ಟಿದರೆ ಅದು ಮೂರು ಸ್ಥಳಾಂತರ. ಪತ್ರಿಕೆಗಳಲ್ಲಿ ಈ ಮೂರು ಓಟಗಳು ಮೂವರು ಹೆಂಗಸರಾಗಿ ಅಚ್ಚಾಗುವುದು ವಾಡಿಕೆ. 2024ರಲ್ಲಿ ಪ್ರಕೃತಿ ವಿಕೋಪದಿಂದಾದ ಸ್ಥಳಾಂತರಗಳು 4.58 ಕೋಟಿ, ವರ್ಷದ ಕೊನೆಗೆ ವಿಕೋಪದ ಕಾರಣದಿಂದ ಇನ್ನೂ ನೆಲೆಯಿಲ್ಲದೆ ಇದ್ದವರೆಂದು ತೋರಿಸಿದ್ದು 98 ಲಕ್ಷ. ಹೀಗೆ ಓಡಿದವರಲ್ಲಿ ಬಹುಪಾಲು ಜನ ನಿಜಕ್ಕೂ ಮನೆಗೆ ಮರಳಿರುತ್ತಾರೆ, ಅದನ್ನು ಅಲ್ಲಗಳೆಯಲಾಗದು. ಆದರೆ ಉಳಿದವರ ವಿಷಯದಲ್ಲಿ ನಡೆದದ್ದು ಇಷ್ಟೆ: ನೀರು ಇಳಿಯಿತು, ಕ್ಯಾಮೆರಾಗಳು ಹೋದವು, ಗಣತಿದಾರರ ಗುತ್ತಿಗೆ ಮುಗಿಯಿತು, ಸಮಸ್ಯೆಯೂ ಮುಗಿಯಿತು.

ಕಾಂಗೋದ ಗೋಮಾ ನಗರದ ಸಂಸಾರವೊಂದನ್ನು ಊಹಿಸಿಕೊಳ್ಳಿ. 2021ರ ಮೇ 22ರಂದು ನೈರಾಗೊಂಗೊ ಜ್ವಾಲಾಮುಖಿ ಸಿಡಿದು, ಐದು ದಿನಗಳ ಬಳಿಕ ನಗರದ ಭಾಗಗಳನ್ನು ತೆರವುಗೊಳಿಸಲು ಆದೇಶ ಹೊರಟಾಗ ಸುಮಾರು ನಾಲ್ಕು ಲಕ್ಷ ಜನರ ಜೊತೆ ಅವರೂ ಓಡಿದರು. ಆಗ ಅವರು ‘ವಿಕೋಪ’ದ ಖಾತೆಯಲ್ಲಿದ್ದರು. ಮರಳಿ ಬಂದು, ಲಾವಾ ತಣಿದ ಮೇಲೆ ಹೊರವಲಯದ ಹಳ್ಳಿಯಲ್ಲಿ ಹೊಲ ಹಿಡಿದರು. ಎಂ23 ಬಂಡುಕೋರರು ಅತ್ತ ಬಂದಾಗ ಮತ್ತೆ ಓಡಿ ಗೋಮಾದ ಅಂಚಿನ ಶಿಬಿರ ಸೇರಿದರು. ಈಗ ‘ಸಂಘರ್ಷ’ದ ಖಾತೆ. 2025ರ ಜನವರಿ ಕೊನೆಯಲ್ಲಿ ಬಂಡುಕೋರರು ನಗರವನ್ನೇ ಹಿಡಿದು, ಫೆಬ್ರವರಿಯಲ್ಲಿ ಶಿಬಿರದವರು 72 ಗಂಟೆಗಳೊಳಗೆ ಜಾಗ ಖಾಲಿ ಮಾಡಿ ಊರಿಗೆ ಮರಳಬೇಕೆಂದು ಅಪ್ಪಣೆ ಕೊಡಿಸಿದರು. ಶಿಬಿರಗಳು ಖಾಲಿಯಾದವು. ಇನ್ನು ಮುಂದೆ ಈ ಸಂಸಾರವನ್ನು ‘ಮರಳಿದವರು’ ಎಂಬ ಕಲಂನಲ್ಲಿ ಬರೆಯಬೇಕೋ, ‘ಮತ್ತೆ ಸ್ಥಳಾಂತರಗೊಂಡವರು’ ಎಂಬುದರಲ್ಲೋ? ಬಂದೂಕು ತೋರಿಸಿ ಮನೆಗೆ ಕಳಿಸಿದರೆ ಅದು ಮನೆಗೆ ಮರಳಿದಂತೆಯೇ ಎಂಬ ಸಂದೇಹ ಬರುವುದು ನಮ್ಮಂಥವರಿಗೆ. ಕೋಷ್ಟಕಕ್ಕೆ ಬೇಕಿರುವುದು ಒಂದು ಗುರುತು ಮಾತ್ರ.

ಖಾತೆಗಳ ಈ ವಿಂಗಡಣೆಯೇ ಒಂದು ತತ್ತ್ವಶಾಸ್ತ್ರ. ಸೊಮಾಲಿಯಾದಂಥ ಕಡೆ ಮಳೆ ಹಲವು ಹಂಗಾಮು ಕೈಕೊಟ್ಟು ಹುಲ್ಲು ಒಣಗುತ್ತದೆ. ದನ ಕುರಿಗಳು ಸಾಯುತ್ತವೆ. ಉಳಿದ ಒಂದು ಬಾವಿಗಾಗಿ ಎರಡು ಪಂಗಡಗಳು ಕಾದಾಡುತ್ತವೆ. ಅದೇ ರಸ್ತೆಯಲ್ಲಿ ಸಶಸ್ತ್ರ ಗುಂಪೊಂದು ಸುಂಕಕ್ಕೆ ನಿಂತಿರುತ್ತದೆ. ಆಗ ಹೊರಟ ಸಂಸಾರವನ್ನು ಗಣತಿದಾರ ಕೇಳುತ್ತಾನೆ: ನೀವು ಬಂದದ್ದು ಬರದಿಂದಲೋ, ಜಗಳದಿಂದಲೋ? ಎರಡರಿಂದಲೂ ಎಂದರೆ, ಮುಖ್ಯ ಕಾರಣ ಒಂದನ್ನು ಹೇಳಿ ಎನ್ನುತ್ತಾನೆ. ಅದರಲ್ಲೂ ಬರಗಾಲಕ್ಕೆ ಹುಟ್ಟಿದ ದಿನಾಂಕವಿಲ್ಲ. ಬಿರುಗಾಳಿ ಇಂಥ ದಿನ ಇಂಥ ಗಂಟೆಗೆ ಅಪ್ಪಳಿಸಿತೆಂದು ಬರೆಯಬಹುದು. ಹೊಲ ಯಾವ ಮಂಗಳವಾರ ಬಂಜೆಯಾಯಿತೆಂದು ಹೇಳುವವರಾರು? ದಿನಾಂಕ ಕೊಡಲಾಗದ ಸಂಕಟವನ್ನು ಬಹಳ ಕಾಲ ಜಾಗತಿಕ ಪಟ್ಟಿಗಳು ಸೇರಿಸಿಕೊಳ್ಳಲೇ ಇಲ್ಲ. ನಿಧಾನವಾಗಿ ಸಾಯುವವರು ಸಹನಶೀಲರು, ಕಾಯುತ್ತಾರೆ ಎಂದು ಭಾವಿಸಿದ್ದಿರಬೇಕು.

ಇಷ್ಟಾಗಿ ಈ ಕೋಟಿ ಲೆಕ್ಕಗಳ ಬುಡದಲ್ಲಿರುವವನು ಒಬ್ಬ ಮುದುಕ. ಅವನಿಗೆ ‘ಪ್ರಮುಖ ಮಾಹಿತಿದಾರ’ ಎಂಬ ಪದವಿ ಇದೆ. ಪ್ರತಿ ಗುಡಿಸಿಲನ್ನೂ ತಟ್ಟುವಷ್ಟು ಸಮಯವೂ ಹಣವೂ ಇಲ್ಲದ ಕಡೆ, ಶಿಬಿರದ ಹಿರಿಯನನ್ನೋ ಊರ ಮುಖಂಡನನ್ನೋ ಕೇಳಿ ಬರೆದುಕೊಳ್ಳುತ್ತಾರೆ. ‘ಹಿರಿಯರೇ, ಇಲ್ಲಿ ಎಷ್ಟು ಕುಟುಂಬಗಳಿವೆ?’ ಎಂದು ಗಣತಿಯ ಹುಡುಗ ಕೇಳಿದಾಗ ಮುದುಕನ ತಲೆಯಲ್ಲಿ ನಡೆಯುವ ಗಣಿತ ಯಾವ ವಿಶ್ವವಿದ್ಯಾಲಯದಲ್ಲೂ ಕಲಿಸುವಂಥದ್ದಲ್ಲ. ಹಿಂದಿನ ಸಲ ಮುನ್ನೂರು ಎಂದಾಗ ಇನ್ನೂರು ಚೀಲ ಬಂತು. ಆದ್ದರಿಂದ ನಾನೂರೈವತ್ತು ಎನ್ನಬೇಕು. ಆದರೆ ಹೆಚ್ಚು ಹೇಳಿದರೆ ಜಾಗ ಸಾಲದೆಂದು ಅರ್ಧ ಜನರನ್ನು ಬೇರೆಡೆಗೆ ಅಟ್ಟಬಹುದು. ಈ ಹುಡುಗ ಯಾವುದೋ ಪಕ್ಷದ ಕಡೆಯವನಾಗಿದ್ದರೆ ಹೆಸರುಗಳನ್ನು ಯಾರಿಗೆ ಕೊಡುತ್ತಾನೋ ಅದೂ ತಿಳಿಯದು. ‘ನಾನೂರು ಇರಬಹುದಪ್ಪ’ ಎನ್ನುತ್ತಾನೆ. ‘ನಿನ್ನೆಯೂ ಒಬ್ಬರು ಇದನ್ನೇ ಬರೆದುಕೊಂಡು ಹೋದರಲ್ಲ, ಮೊನ್ನೆಯೂ ಒಬ್ಬರು. ಅವರೆಲ್ಲ ಎಲ್ಲಿ?’ ಎಂದು ಕೇಳುತ್ತಾನೆ. ಅವರು ಬೇರೆ ಸಂಸ್ಥೆಯವರೆಂದೂ, ಅವರದು ಬೇರೆ ಸಮೀಕ್ಷೆಯೆಂದೂ ಹುಡುಗ ವಿನಯದಿಂದ ವಿವರಿಸುತ್ತಾನೆ. ನಾನೂರು ಟ್ಯಾಬ್ಲೆಟ್ ಸೇರುತ್ತದೆ, ಅಲ್ಲಿಂದ ರಾಜಧಾನಿ, ಅಲ್ಲಿಂದ ಜಿನೀವಾ. ದಾರಿಯುದ್ದಕ್ಕೂ ಅದರ ‘ಇರಬಹುದು’ ಉದುರಿಹೋಗಿ, ನಕ್ಷೆಯ ಮೇಲೆ ಕೆಂಪು ವೃತ್ತವಾಗಿ ಕೂರುತ್ತದೆ. ಮುದುಕನ ಮರುಪ್ರಶ್ನೆಗೆ ನಮೂನೆಯಲ್ಲಿ ಜಾಗವಿರುವುದಿಲ್ಲ.

ಮುದುಕನನ್ನೂ ಕೇಳದೆ ಎಣಿಸುವ ಉಪಾಯವೂ ಇದೆ. 2010ರ ಭೂಕಂಪದ ನಂತರ ಹೈಟಿಯಲ್ಲಿ ಸಂಶೋಧಕರು ಸುಮಾರು 19 ಲಕ್ಷ ಸಿಮ್ ಕಾರ್ಡ್‌ಗಳ ಚಲನೆಯನ್ನು ನೋಡಿ, ರಾಜಧಾನಿಯಿಂದ ಜನ ಎತ್ತ ಹೋದರೆಂದು ಅಂದಾಜಿಸಿದರು. ನೆರವು ಯಾವ ದಿಕ್ಕಿಗೆ ಹೋಗಬೇಕೆಂದು ತಿಳಿಯಲು ಅದು ನಿಜಕ್ಕೂ ಉಪಯುಕ್ತ ಕೆಲಸ, ನಗುವಂಥದ್ದಲ್ಲ. ನಗು ಬರುವುದು, ಎಲ್ಲಿದ್ದಾರೆಂದು ಉಪಗ್ರಹಕ್ಕೂ ಗೋಪುರಕ್ಕೂ ಗೊತ್ತಿರುವ ಜನರನ್ನು ನೆರವಿನ ಲಾರಿ ಮಾತ್ರ ವಿಳಾಸ ಸಿಗದೆ ಹುಡುಕುತ್ತಿರುವಾಗ. ಅದೇ ಹೈಟಿಯಲ್ಲಿ ಭೂಕಂಪದ ಶಿಬಿರಗಳಲ್ಲಿದ್ದ ಸುಮಾರು 15 ಲಕ್ಷ ಜನರ ಸಂಖ್ಯೆ, ಶಿಬಿರಗಳು ಮುಚ್ಚಿದಂತೆಲ್ಲ ಇಳಿಯಿತು. ಹಲವರಿಗೆ ಒಂದು ವರ್ಷದ ಬಾಡಿಗೆ ಹಣ ಕೊಟ್ಟು ಕಳಿಸಲಾಯಿತು. 2025ರ ಆರಂಭಕ್ಕೆ ಸಶಸ್ತ್ರ ತಂಡಗಳ ಹಾವಳಿಯಿಂದ ನೆಲೆ ಕಳೆದುಕೊಂಡವರ ಸಂಖ್ಯೆ ಅಲ್ಲಿ ಮತ್ತೆ ಹತ್ತು ಲಕ್ಷ ದಾಟಿತು. ಕೋಷ್ಟಕದಲ್ಲಿ ಇವರು ಹೊಸಬರು.

ಸ್ಥಳಾಂತರ ಎಂದು ಮುಗಿಯುತ್ತದೆ ಎಂಬುದಕ್ಕೂ 2010ರ ಚೌಕಟ್ಟೊಂದು ಎಂಟು ಮಾನದಂಡಗಳನ್ನು ಹೇಳುತ್ತದೆ: ಸುರಕ್ಷತೆ, ಜೀವನಮಟ್ಟ, ದುಡಿಮೆ, ಮನೆ ಜಮೀನು, ದಾಖಲೆಪತ್ರ, ಚದುರಿದ ಕುಟುಂಬದ ಮರುಮಿಲನ, ಸಾರ್ವಜನಿಕ ಜೀವನದಲ್ಲಿ ಪಾಲು, ನ್ಯಾಯ. ಈ ಎಂಟನ್ನೂ ಕಟ್ಟುನಿಟ್ಟಾಗಿ ಅನ್ವಯಿಸಿದರೆ, ಎಂದೂ ಊರು ಬಿಡದ ಅರ್ಧ ಜಗತ್ತೇ ಸ್ಥಳಾಂತರಿತರ ಪಟ್ಟಿ ಸೇರಬೇಕಾದೀತು; ಹಾಗಾಗಿ ಸರ್ಕಾರಗಳು ಒಂಬತ್ತನೆಯ ಮಾನದಂಡವನ್ನು ಸದ್ದಿಲ್ಲದೆ ಬಳಸುತ್ತವೆ, ಅದು ಶಿಬಿರದ ಬಾಗಿಲಿಗೆ ಬೀಗ. ಕೊಲಂಬಿಯಾ ಮಾತ್ರ ಇದಕ್ಕೆ ವ್ಯತಿರಿಕ್ತವಾಗಿ, ಸಂತ್ರಸ್ತರ ದಾಖಲೆ ಪುಸ್ತಕದಲ್ಲಿ ಹಳೆಯ ಹೆಸರುಗಳನ್ನು ಅಳಿಸದೆ ದಶಕಗಳಿಂದ ಕೂಡಿಸುತ್ತ ಬಂದಿರುವುದರಿಂದ ಅಲ್ಲಿನ ಮೊತ್ತ 80 ಲಕ್ಷ ಮೀರಿದೆ. ಮರೆಯದ ದೇಶದ ಅಂಕಿ ದೊಡ್ಡದು, ಮರೆತ ದೇಶದ್ದು ಚಿಕ್ಕದು. ಅಂತಾರಾಷ್ಟ್ರೀಯ ಸಭೆಗಳಲ್ಲಿ ವಿವರಣೆ ಕೊಡಬೇಕಾಗುವುದು ಮೊದಲನೆಯದಕ್ಕೆ.

ಆದರೂ ಎಣಿಕೆಯೇ ಬೇಡವೆನ್ನುವುದು ಇನ್ನೂ ಅಪಾಯದ ಮಾತು. ಅಂಕಿ ಇಲ್ಲದ ಕಡೆ ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂದು ಸರ್ಕಾರಗಳು ಹೇಳಿದ್ದೇ ಸತ್ಯವಾಗುತ್ತದೆ. ಆ ಸೌಭಾಗ್ಯವೂ ಈಗ ಹತ್ತಿರ ಬರುತ್ತಿದೆ. 2025ರಲ್ಲಿ ಅಮೆರಿಕ ತನ್ನ ನೆರವಿಗೆ ಕತ್ತರಿ ಹಾಕಿದ ಪರಿಣಾಮವಾಗಿ ವಲಸೆ ಸಂಸ್ಥೆ ಆರು ಸಾವಿರಕ್ಕೂ ಹೆಚ್ಚು ಸಿಬ್ಬಂದಿಗೆ ತಟ್ಟುವಂಥ ಕಡಿತ ಪ್ರಕಟಿಸಿತು. ಗಣತಿದಾರರು ಹೋಗದ ಕಣಿವೆಯಲ್ಲಿ ಕೆಂಪು ವೃತ್ತ ಮೂಡುವುದಿಲ್ಲವಾದ್ದರಿಂದ, ಮುಂದಿನ ವರದಿಗಳಲ್ಲಿ ಅಂಕಿ ಇಳಿದರೆ ಆಯಾ ದೇಶದ ಸಚಿವರು ಅದರ ಶ್ರೇಯಸ್ಸನ್ನು ತಮ್ಮ ಪುನರ್ವಸತಿ ಯೋಜನೆಗೆ ಅರ್ಪಿಸಿ ಸಂಸತ್ತಿನಲ್ಲಿ ಮೇಜು ಕುಟ್ಟಿಸಿಕೊಳ್ಳಬಹುದು. ಕೆಲಸ ಕಳೆದುಕೊಂಡ ಗಣತಿದಾರರಲ್ಲಿ ತಾವೇ ಹಿಂದೊಮ್ಮೆ ನೆಲೆ ತಪ್ಪಿ ಬಂದವರಿದ್ದರೆ, ಅವರನ್ನು ಯಾವ ಕಲಂನಲ್ಲಿ ಬರೆಯಬೇಕೆಂಬುದನ್ನು ತೀರ್ಮಾನಿಸಲು ತಜ್ಞರ ಸಮಿತಿಯೊಂದನ್ನು ನೇಮಿಸಬಹುದು, ಅದಕ್ಕೆ ಅನುದಾನ ಸಿಕ್ಕರೆ.