ಸ್ಪಷ್ಟನೆ: ಎನ್‌ಬಿಸಿಯ 1983ರ ಸೋಲು ನಿಜ, ಆದರೆ ಹೇಳುವಷ್ಟಲ್ಲ

‘1983–84ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯ ಹೊಸ ಕಾರ್ಯಕ್ರಮಗಳೆಲ್ಲ ಕೆಲವೇ ವಾರಗಳಲ್ಲಿ ನಿಂತುಹೋದವು, ಒಂದೂ ಉಳಿಯಲಿಲ್ಲ’ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ.

ಆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಶುರುವಾದ ಒಂಬತ್ತು ಹೊಸ ಸರಣಿಗಳಲ್ಲಿ ಒಂದಕ್ಕೂ ವಾಹಿನಿ ಎರಡನೇ ಸೀಸನ್ ಕೊಡಲಿಲ್ಲ. ಅಷ್ಟು ಖಚಿತ. ಆದರೆ ಎಲ್ಲವೂ ಕೆಲವೇ ವಾರಗಳಲ್ಲಿ ಮುಗಿಯಲಿಲ್ಲ. ಆಗಿನ ರೂಢಿಯಂತೆ ಮೊದಲು 13 ಕಂತುಗಳಿಗೆ ಆರ್ಡರ್. ರೇಟಿಂಗ್ ಪರವಾಗಿಲ್ಲ ಎನಿಸಿದರೆ ಇನ್ನೊಂಬತ್ತು ಸೇರಿ 22. ‘ದಿ ಯೆಲ್ಲೋ ರೋಸ್’, ‘ವಿ ಗಾಟ್ ಇಟ್ ಮೇಡ್’ ಎರಡೂ ಪೂರ್ತಿ 22 ಕಂತು ಓಡಿದವು. ಎರಡನೆಯದು 1987ರಲ್ಲಿ ವಾಹಿನಿಯ ಹೊರಗೆ, ಸಿಂಡಿಕೇಷನ್‌ನಲ್ಲಿ (ಸ್ಥಳೀಯ ಟಿ.ವಿ. ಕೇಂದ್ರಗಳಿಗೆ ನೇರವಾಗಿ ಮಾರುವ ಪದ್ಧತಿ) ಮತ್ತೆ ಬಂತು. ಬೇಗ ಬಿದ್ದವು ಬೇರೆ: ‘ಬೇ ಸಿಟಿ ಬ್ಲೂಸ್’ನ ಎಂಟು ಕಂತು ತಯಾರಾಗಿದ್ದರೂ ನಾಲ್ಕಷ್ಟೇ ಪ್ರಸಾರವಾದವು.

ಪ್ರಾಣಿಯಾಗಿ ಮಾರ್ಪಡುವ ಪ್ರೊಫೆಸರನ ‘ಮ್ಯಾನಿಮಲ್’ ಎಂಟು ಕಂತಿಗೇ ನಿಂತಿದ್ದಕ್ಕೆ ಕಥೆಯೊಂದನ್ನೇ ದೂರುವುದು ಅನ್ಯಾಯ. ಅದನ್ನು ಶುಕ್ರವಾರ ರಾತ್ರಿ 9ಕ್ಕೆ, ಪ್ರತಿಸ್ಪರ್ಧಿ ವಾಹಿನಿ ಸಿಬಿಎಸ್‌ನ ಜನಪ್ರಿಯ ಧಾರಾವಾಹಿ ‘ಡಲ್ಲಾಸ್’ ಎದುರಿಗೇ ಇಟ್ಟಿದ್ದರು.

‘ಒಂದೂ ಉಳಿಯಲಿಲ್ಲ’ ಎಂಬುದಂತೂ ಶುದ್ಧ ತಪ್ಪು. ಸೀಸನ್ ಮಧ್ಯೆ ಬದಲಿಯಾಗಿ ಬಂದವನ್ನು ಈ ಲೆಕ್ಕ ಬಿಟ್ಟೇಬಿಡುತ್ತದೆ. 1984ರ ಜನವರಿಯಲ್ಲಿ ಶುರುವಾದ ‘ರಿಪ್‌ಟೈಡ್’ ಮೂರು ಸೀಸನ್ ನಡೆಯಿತು. ಅದೇ ತಿಂಗಳು 4ರಂದು ಆರಂಭವಾದ ‘ನೈಟ್ ಕೋರ್ಟ್’ 1992ರವರೆಗೆ, ಒಂಬತ್ತು ಸೀಸನ್.